ಹೊಳೆ ಬಂದಲ್ಲೆಲ್ಲ ನಿಂತ ದಾರಿ

ಪೋಳೆಂನಿಂದ ಪತ್ರಾದೇವಿಯವರೆಗೆ 139 ಕಿಲೋಮೀಟರ್. ಪನವೇಲಿನಿಂದ ಕೇರಳದ ಇಡಪಳ್ಳಿಯವರೆಗೆ ಹೋಗುತ್ತಿದ್ದ ಹದಿನೇಳನೇ ನಂಬರಿನ ಹೆದ್ದಾರಿಯಲ್ಲಿ ಗೋವೆಯ ಪಾಲು ಇಷ್ಟೇ. 2010ರಲ್ಲಿ ಅದಕ್ಕೆ 66 ಎಂಬ ಹೊಸ ನಂಬರು ಬಂತು. ಕಾರವಾರದ ಕಡೆಯ ನಮ್ಮ ವಯಸ್ಸಿನವರ ಬಾಯಿಗೆ ಅದಿನ್ನೂ ಹತ್ತಿಲ್ಲ.

ಅಪ್ಪನ ಅಕ್ಕನನ್ನು ಮಾಪ್ಸಾಕ್ಕೆ ಕೊಟ್ಟಿದ್ದರು. ಹಾಗಾಗಿ ಬೇಸಿಗೆ ರಜೆ ಬಂತೆಂದರೆ ಅಜ್ಜಿಯ ಹಿಂದೆ ನಾವು ಮಕ್ಕಳೆಲ್ಲ ಹೊರಡುವುದೇ. ಮಾಪ್ಸಾ ಇರುವುದು ಮಾಂಡೋವಿಯ ಆಚೆ. ಅಲ್ಲಿಗೆ ಮುಟ್ಟಬೇಕಾದರೆ ಗೋವೆಯನ್ನು ಹೆಚ್ಚುಕಡಿಮೆ ಉದ್ದಕ್ಕೆ ದಾಟಬೇಕು. ಈಗ ಕಾರಿನಲ್ಲಿ ಕೂತವರಿಗೆ ಇದೇನು ದೊಡ್ಡ ಸಂಗತಿಯಲ್ಲ. ಆಗ ಬೆಳಿಗ್ಗೆ ಹೊರಟರೆ ಅತ್ತೆಯ ಮನೆಯಲ್ಲಿ ಊಟವೋ ಚಹವೋ ಎಂಬುದನ್ನು ಹೊಳೆಗಳು ತೀರ್ಮಾನಿಸುತ್ತಿದ್ದವು.

ಮೊದಲನೆಯದು ನಮ್ಮದೇ ಕಾಳಿ. ಸೇತುವೆ ಇರಲಿಲ್ಲ, ಕೋಡಿಬಾಗದಲ್ಲಿ ಲಾಂಚು ಹತ್ತಿ ಸದಾಶಿವಗಡಕ್ಕೆ ಹೋಗಿ ಬಸ್ಸು ಹಿಡಿಯಬೇಕು. ಮಾಜಾಳಿ ದಾಟಿದರೆ ಪೋಳೆಂ. ಅಲ್ಲಿಂದ ಲೋಲಿಯೆಂ, ಕಾಣಕೋಣ. ಆಮೇಲೆ ಕರ್ಮಲ್ ಘಾಟು. ಆ ಘಾಟಿನ ತಿರುವುಗಳಲ್ಲಿ ನಮ್ಮಲ್ಲಿ ಯಾರಾದರೂ ಒಬ್ಬರು ವಾಂತಿ ಮಾಡುವುದು ಖಾತ್ರಿ, ಅಜ್ಜಿಯ ಸೊಂಟದಲ್ಲಿ ಅದಕ್ಕೆಂದೇ ನಿಂಬೆಹಣ್ಣು ಇರುತ್ತಿತ್ತು. ಬಾಳ್ಳಿಗೆ ಇಳಿದು ಕುಂಕಳ್ಳಿಯ ಕಡೆ ಸಾಗಿದರೆ ಏಪ್ರಿಲ್-ಮೇ ತಿಂಗಳಲ್ಲಿ ಬಸ್ಸಿನ ತುಂಬ ಗೋಡಂಬಿ ಹಣ್ಣಿನ ಹುಳಿ ವಾಸನೆ. ಮಡಗಾಂವಿನಲ್ಲಿ ಬಸ್ಸು ಬದಲಿಸಿ ನುವೆಂ, ವೆರ್ಣಾ ದಾಟಿ ಕುಠ್ಠಾಳಿಯಲ್ಲಿ ಬಂದು ನಿಂತರೆ, ನಿಂತೇಬಿಟ್ಟೆವು.

ಜುವಾರಿ. ಆಚೆ ದಡದಲ್ಲಿ ಆಗಶಿ, ನಡುವೆ ನೀರು. ಫೆರಿ ಬಂದು ಕಬ್ಬಿಣದ ಹಲಗೆಯನ್ನು ಸರಪಳಿಯಲ್ಲಿ ಇಳಿಸುವವರೆಗೆ ಲಾರಿ, ಬಸ್ಸು, ಸೈಕಲ್ಲು, ಮೀನಿನ ಬುಟ್ಟಿ ಹೊತ್ತ ಹೆಂಗಸರು ಎಲ್ಲರೂ ಸಾಲಿನಲ್ಲಿ. ಕೆಳಗಿಳಿದು ಶೇಂಗಾ ತಿನ್ನುತ್ತ ಅದಿರು ತುಂಬಿ ಮುರಗಾಂವ ಬಂದರಿಗೆ ಹೋಗುವ ಬಾರ್ಜುಗಳನ್ನು ಎಣಿಸುವುದು ನಮ್ಮ ಆಟ. ಅಣ್ಣ ಯಾವಾಗಲೂ ಹೆಚ್ಚು ಎಣಿಸುತ್ತಿದ್ದ. ಸುಳ್ಳು ಹೇಳುತ್ತಿದ್ದ ಎಂದು ಈಗಲೂ ನನ್ನ ಗುಮಾನಿ. ಗುರುತಿಲ್ಲದವರ ಜತೆ ಅಜ್ಜಿ ಕೊಂಕಣಿಯಲ್ಲಿ ಮಾತಿಗೆ ಶುರುಮಾಡಿ, ಫೆರಿ ಬರುವ ಹೊತ್ತಿಗೆ ಅವರ ಕುಳಾವಿ, ಕುಲದೇವರು, ಮಗಳ ಮದುವೆ ಎಲ್ಲ ತಿಳಿದುಕೊಂಡಿರುತ್ತಿದ್ದಳು.

ಮಾಂಡೋವಿಗೆ ಮಾತ್ರ ಆಗಲೇ ಸೇತುವೆ ಇತ್ತು, ನೆಹರೂ ಅವರ ಹೆಸರಿನದು. ಅದರ ಮೇಲೆ ಹೋಗುವಾಗ ಅತ್ತೆಯ ಯಜಮಾನರು ಕೆಳಗೆ ಬೆತಿಂ ತೋರಿಸಿ, 1961ರ ಡಿಸೆಂಬರ್ 18ರ ಸಂಜೆ ಗೋವೆಯನ್ನು ಪೋರ್ಚುಗೀಸರಿಂದ ಬಿಡಿಸಲು ಉತ್ತರದಿಂದ ಬಂದ ಭಾರತದ ಸೈನ್ಯ ಅಲ್ಲೇ ದಡದಲ್ಲಿ ನಿಂತಿತ್ತು, ಪಣಜಿಗೆ ದಾಟಿದ್ದು ಮರುದಿನ ಬೆಳಿಗ್ಗೆ ಎನ್ನುತ್ತಿದ್ದರು. ಗೋವೆಯ ಹೊಳೆ ಸೈನ್ಯವನ್ನೂ ಕಾಯಿಸಿತು ಎಂಬುದು ಅವರಿಗೆ ಏನೋ ಹೆಮ್ಮೆ. ಪತ್ರಾದೇವಿಯ ಹುತಾತ್ಮ ಸ್ಮಾರಕದ ಹತ್ತಿರವೂ ಅವರೇ ಕರೆದೊಯ್ದದ್ದು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಜಾಗ ಅದು. ಅಲ್ಲಿ ಮಾತ್ರ ಅವರು ಹೆಚ್ಚು ಮಾತಾಡಲಿಲ್ಲ.

ಹಿಂದಿರುಗುವಾಗಿನ ಗಮ್ಮತ್ತು ಮಾಜಾಳಿ ಚೆಕ್‌ಪೋಸ್ಟಿನಲ್ಲಿ. ಬಾಟ್ಲಿ ಹುಡುಕುವವರು ಗಂಡಸರ ಚೀಲಗಳನ್ನೆಲ್ಲ ಜಾಲಾಡುತ್ತಿದ್ದರು. ಹಣೆತುಂಬ ಕುಂಕುಮದ ಅಜ್ಜಿಯ ಗೋಡಂಬಿ ಚೀಲವನ್ನು ಯಾರೂ ಮುಟ್ಟಲಿಲ್ಲ. ಅದರ ತಳದಲ್ಲಿದ್ದ ಫೆನಿ ಮಂಡಿನೋವಿಗೆ ಹಚ್ಚಲು ಎಂದು ಅವಳು ಹೇಳುತ್ತಿದ್ದಳು. ಅಜ್ಜನ ಮಂಡಿ ಬಹಳ ನೋಯುತ್ತಿರಬೇಕು.

1983ರಲ್ಲಿ ಜುವಾರಿಗೆ ಸೇತುವೆಯಾಯಿತು, ಕಾಳಿಗೂ ಅದೇ ಸುಮಾರಿಗೆ. ಇನ್ನು ನೇರ ಪ್ರಯಾಣ ಎಂದು ಖುಷಿಪಟ್ಟೆವು. ಮೂರೇ ವರ್ಷ. 1986ರ ಜುಲೈ 5ರಂದು ಮಾಂಡೋವಿಯ ಸೇತುವೆ ಕುಸಿಯಿತು. ಆ ವರ್ಷ ಚೌತಿಗೆ ತವರಿಗೆ ಬಂದ ಅತ್ತೆ, ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆಂದು ಮಾಪ್ಸಾ ಸಂತೆಯಲ್ಲಿ ಕೊಂಡ ಕಾಯಿ-ಹಣ್ಣುಗಳ ಚೀಲ ಹೊತ್ತು, ಮಳೆಯಲ್ಲಿ ನೆನೆದು, ಬೆತಿಂ ಫೆರಿಯ ನೂಕುನುಗ್ಗಲು ದಾಟಿ ಬಂದಿದ್ದಳು. ಬಂದವಳೇ ಸರಕಾರಕ್ಕೆ ಶಾಪ ಹಾಕಿದಳು, ಆಮೇಲೆ ಚಹ ಕೇಳಿದಳು. ಹೊಸ ಸೇತುವೆ ಆದದ್ದು 1992ರಲ್ಲಿ. ಅಷ್ಟರಲ್ಲಿ ನಾವು ಮಕ್ಕಳಾಗಿ ಉಳಿದಿರಲಿಲ್ಲ.

ಉಳಿದದ್ದು ಬೇಗ ಬೇಗ ಆಯಿತು. ಕೊಂಕಣ ರೈಲು ಬಂದು ನಮ್ಮವರು ಬಸ್ಸು ಮರೆತರು. 2019ರ ಜನವರಿಯಲ್ಲಿ ಮಾಂಡೋವಿಯ ಮೇಲೆ 5.1 ಕಿಲೋಮೀಟರಿನ ಅಟಲ್ ಸೇತು, ಅದೇ ವರ್ಷ ಕಾಣಕೋಣಕ್ಕೆ ಬೈಪಾಸು, 2022ರ ಕೊನೆಗೆ ಜುವಾರಿಗೂ ಹೊಸ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿಕೊಂಡ. ಸುದ್ದಿ ಕೇಳಿ ಅಣ್ಣ ಮುಂಬೈಯಿಂದ ಫೋನು ಮಾಡಿ, ಲಾಂಚು ಮತ್ತೆ ಬಿಡುತ್ತಾರೇನೋ ಎಂದು ಕೇಳಿದ. ಪಕ್ಕದಲ್ಲೇ ಹೊಸ ಸೇತುವೆ ಇದೆಯಲ್ಲ ಮಾರಾಯ ಎಂದೆ. ಅವನಿಗೆ ಬೇಸರವಾದಂತೆ ಕಂಡಿತು.

ಕಾಯುವುದು ಸುಖವಾಗಿತ್ತು ಎಂದು ನಾನು ಹೇಳಲಾರೆ. ಬಸುರಿಯರೂ ರೋಗಿಗಳೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಸೇತುವೆಗಳು ಬೇಕಿದ್ದವು, ಬಂದವು. ಆದರೆ ಗೋವೆಗೆ ಹೋದಾಗ ಅವಸರವಿಲ್ಲದಿದ್ದರೆ ಒಮ್ಮೆ ಪಣಜಿಯ ಧಕ್ಕೆಗೆ ಇಳಿಯಿರಿ. ಬೆತಿಂ ಫೆರಿ ಇನ್ನೂ ಓಡುತ್ತಿದೆ, ನಡೆದು ಹತ್ತುವವರಿಗೆ ಟಿಕೇಟಿಲ್ಲ.