ಹುಣಸೆತೋಪಿನ ಕಣ್ಣುಗಳು

ಪೀಣ್ಯದ ಬಳಿಯ ನಮ್ಮ ಹಳ್ಳಿಗೆ ವಿದ್ಯುದ್ದೀಪ ಬಾರದಿದ್ದ ಕಾಲವದು. ಊರಾಚೆಯ ಹುಣಸೆತೋಪಿನಲ್ಲಿ ಕಪಿರೂಪದ ಭೂತವೊಂದು ಸೇರಿಕೊಂಡಿದೆಯೆಂದು ಹಿರಿಯರೂ ನಂಬಿದ್ದರು. ರಾತ್ರಿಯ ಹೊತ್ತು ಅದು ಸಿಳ್ಳೆ ಹಾಕುವುದಂತೆ, ಕಣ್ಣುಗಳು ಕೆಂಡದಂತೆ, ಕೈಬೆರಳುಗಳು ಥೇಟು ಮನುಷ್ಯರವೇ ಅಂತೆ. ಕಂಡವರು ಮೊಳದೆತ್ತರ ಎಂದರೆ ಕೇಳಿದವರು ಆಳೆತ್ತರ ಎಂದರು. ಸುದ್ದಿ ಸಂತೆಗೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ಕೋರೆಹಲ್ಲುಗಳೂ ಮೂಡಿದ್ದವು!

ನನಗಾಗ ಹನ್ನೊಂದು ವರ್ಷ. ಒಂದು ರಾತ್ರಿ ದೊಣ್ಣೆ, ಲಾಟೀನುಗಳನ್ನು ಹಿಡಿದು ಹೊರಟ ಗುಂಪಿನಲ್ಲಿ ತಾತನ ಹಿಂದೆ ನಾನೂ ನಡೆದೆ. ಯಾರೋ ಟಾರ್ಚಿನ ಬೆಳಕನ್ನು ಕೊಂಬೆಯತ್ತ ಹಾಯಿಸಿದೊಡನೆ ಎರಡು ಕಣ್ಣುಗಳು ಧಗ್ಗನೆ ಹೊಳೆದವು. ಎಲ್ಲರೂ ಹಿಂದೆ ಸರಿದರು. ನನ್ನ ಕೈಯಲ್ಲೊಂದು ಕಲ್ಲಿತ್ತು. ಧೈರ್ಯವಂತನೆನ್ನಿಸಿಕೊಳ್ಳುವ ಆಸೆಯಿಂದ ಎಸೆದೆ. ಗುರಿ ತಪ್ಪಲಿಲ್ಲ.

ಕೆಳಗೆ ಬಿದ್ದದ್ದು ಗೇಣುದ್ದದ ಒಂದು ಜೀವ. ಬಾಲವಿಲ್ಲ, ಕಡ್ಡಿಯಂಥ ಕೈಕಾಲುಗಳು. “ಅಯ್ಯೋ, ಇದು ಕಾಡುಪಾಪ ಕಣೋ!” ಎನ್ನುತ್ತ ತಾತ ಅದನ್ನು ಪಂಚೆಯ ಸೆರಗಿನಲ್ಲಿ ಎತ್ತಿಕೊಂಡರು. ಎಳೆಗೂಸಿನಂತೆ ಅದು ಅವರ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಬೆಳಗಾಗುವ ಮೊದಲೇ ಆ ಹಿಡಿತ ಸಡಿಲವಾಯಿತು. ತಾತ ನನ್ನನ್ನು ಬೈಯಲಿಲ್ಲ. ಗುಂಡಿ ತೋಡಲು ಗುದ್ದಲಿಯನ್ನು ನನ್ನ ಕೈಗೆ ಕೊಟ್ಟರು.

ಆ ಪ್ರಾಣಿಯ ವಿಷಯವನ್ನು ನಾನು ಓದಿ ತಿಳಿದದ್ದು ಬಹಳ ಕಾಲದ ಮೇಲೆ. ಕಪಿಗಳೂ ನಾವೂ ಸೇರಿದ ಗುಂಪಿಗೇ ಅದೂ ಸೇರಿದ್ದು. ತೂಕ ಹೆಚ್ಚೆಂದರೆ ಸುಮಾರು 300 ಗ್ರಾಂ. ಹಗಲೆಲ್ಲ ಮುದುಡಿ ಮಲಗಿದ್ದು ಇರುಳಿನಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ಕಣ್ಣಿನ ಹಿಂಬದಿಯ ಪದರವೊಂದು ಬೆಳಕನ್ನು ಮರಳಿಸುವುದರಿಂದ ಆ ಹೊಳಪು. ಸಿಳ್ಳೆಯೋ, ತನ್ನವರನ್ನು ಕೂಗುವ ದನಿ. ನಾವು ಹೇಳಿಕೊಂಡ ಲಕ್ಷಣಗಳು ಬಹುಮಟ್ಟಿಗೆ ನಿಜವೇ ಆಗಿದ್ದವು. ಭೂತವೊಂದು ಮಾತ್ರ ಸುಳ್ಳು.

ಇಂಥ ಭಯ ನಮ್ಮೂರಿಗೆ ಮಾತ್ರ ಮೀಸಲಾದುದಲ್ಲ. 1951ರಲ್ಲಿ ಎರಿಕ್ ಶಿಪ್ಟನ್ ಹಿಮಾಲಯದಲ್ಲಿ ತೆಗೆದ ಹೆಜ್ಜೆಗುರುತಿನ ಚಿತ್ರ ‘ಯೇತಿ’ಯ ಕಥೆಯನ್ನು ಲೋಕಕ್ಕೆಲ್ಲ ಹಬ್ಬಿಸಿತು. 2001ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ‘ಕಪಿಮಾನವ’ ಬಂದನೆಂಬ ದಿಗಿಲಿನಿಂದ ಮಾಳಿಗೆಯಿಂದ ಧುಮುಕಿ ಸತ್ತವರೂ ಉಂಟು. ಆ ಕಪಿಮಾನವ ಯಾರ ಕೈಗೂ ಸಿಕ್ಕಲಿಲ್ಲ. ನಮ್ಮೂರಿನದು ಸಿಕ್ಕಿತು, ಅದೇ ಅದರ ದುರದೃಷ್ಟ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಕಾಡುಪಾಪವನ್ನು ಕಾಯುತ್ತದೆ. ಆದರೆ ಅದು ಕೋತಿಯಂತೆ ನೆಗೆಯಲಾರದು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮರದಿಂದ ಮರಕ್ಕೆ ನಡೆದೀತು. ನಮ್ಮ ತೋಪಿದ್ದ ಕಡೆ ಕಾರ್ಖಾನೆಗಳು ಎದ್ದು ಎಷ್ಟೋ ವರ್ಷಗಳಾದವು. ಹತ್ತಿರದಲ್ಲಿ ಅದು ಉಳಿದಿರುವ ತಾಣಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಒಂದು. ಒಂದು ಸಂಜೆ ಮೊಮ್ಮಗಳೊಡನೆ ಅಲ್ಲಿ ನಡೆಯುತ್ತಿದ್ದಾಗ ಕತ್ತಲೆಯೊಳಗಿಂದ ಆ ಸಿಳ್ಳೆ ಕೇಳಿಸಿತು.

“ಯಾರು ತಾತ, ಅದು?” ಎಂದಳು.

“ಕಾಡುಪಾಪ ಕಣಮ್ಮ” ಎಂದೆ. ಕೈಯಲ್ಲಿದ್ದ ಟಾರ್ಚನ್ನು ಹೊತ್ತಿಸಲಿಲ್ಲ.