ಒಂದು ಲಕ್ಷ ಇಪ್ಪತ್ತು ಸಾವಿರದ ಗೆರೆ



ಈ ಸಲ ಬರೆಯಹೊರಟಿರುವುದು ತೆರಿಗೆಯ ವಿಷಯ. ಹೆಸರು ಕೇಳಿಯೇ ಪುಟ ಮುಚ್ಚಬೇಡಿರಿ. ಮಧ್ಯಾಹ್ನದ ಸಮಾಜ ವಿಜ್ಞಾನದ ಪಿರಿಯಡ್ಡಿನಲ್ಲಿ ಇದೇ ಪಾಠಕ್ಕೆ ಆಕಳಿಸುತ್ತ ಕುಳಿತವರು ನಿಮ್ಮಲ್ಲಿ ಅನೇಕರಿದ್ದೀರಿ. ಈಗ ನೀವೇ ತೆರಿಗೆ ಕಟ್ಟುವವರಾಗಿದ್ದೀರಿ, ಆದ್ದರಿಂದ ಈಗಲಾದರೂ ಕೇಳುವಿರೆಂಬ ಭರವಸೆ ನನಗಿದೆ.

ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಹಂಚುವುದು ಆದಾಯ ತೆರಿಗೆಯ ಒಂದು ಉದ್ದೇಶವೆಂದು ಪಠ್ಯಪುಸ್ತಕ ಹೇಳುತ್ತದೆ. ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, 1973-74ರಲ್ಲಿ, ನಮ್ಮ ದೇಶದ ಅತಿ ಮೇಲಿನ ಹಂತದ ದರ ಸರ್‌ಚಾರ್ಜ್ ಸೇರಿ ನೂರಕ್ಕೆ 97.75 ಇತ್ತು. ನೂರು ರೂಪಾಯಿ ಹೆಚ್ಚಿಗೆ ಗಳಿಸಿದವನ ಕೈಯಲ್ಲಿ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ. ಅಂಥ ದರದಲ್ಲಿ ಗಳಿಕೆಯನ್ನು ಮುಚ್ಚಿಡಲು ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಏಣಿಯ ಮೇಲ್ತುದಿಯ ಮಾತು. ನಾನು ಹೇಳಬೇಕೆಂದಿರುವುದು ಕೆಳಗಿನ ಮೆಟ್ಟಿಲುಗಳ ಮಾತು.

ಪ್ರತಿ ವರ್ಷ ಶಾಲೆ ಆರಂಭವಾದ ಕೆಲವು ವಾರಗಳಿಗೆ ಸ್ಕಾಲರ್‌ಶಿಪ್ ಅರ್ಜಿಗಳೊಂದಿಗೆ ಆದಾಯ ಪ್ರಮಾಣಪತ್ರಗಳ ಕಂತೆಯೊಂದು ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಬನಹಟ್ಟಿಯಲ್ಲಿದ್ದ ವರ್ಷಗಳಲ್ಲಿ ಅವುಗಳನ್ನು ನೋಡಿ ನೋಡಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪರರ ಮಗ್ಗದಲ್ಲಿ ನೇಯುವವನ ಮಗನಿಗೂ, ಕಂಡಿಕೆ ಸುತ್ತುವವಳ ಮಗಳಿಗೂ, ಸ್ವಂತದ ನಾಲ್ಕು ಪವರ್‌ಲೂಮ್ ಇದ್ದವನ ಮಗನಿಗೂ ಹೆಚ್ಚುಕಡಿಮೆ ಒಂದೇ ಅಂಕಿ. ತಲಾಟಿ ಸುಳ್ಳು ಬರೆದನೆಂದು ನಾನು ಹೇಳುತ್ತಿಲ್ಲ. ನಿಜವಾದ ಅಂಕಿ ಯಾರ ಬಳಿಯೂ ಇರಲಿಲ್ಲ. ನೇಕಾರನಿಗೆ ತಿಂಗಳ ಪಗಾರವಿಲ್ಲ. ಸೀರೆಗೆ ಇಷ್ಟೆಂದು ಮಜೂರಿ. ನೂಲಿನ ದರ ಏರಿದರೆ, ಕರೆಂಟು ಹೋದರೆ, ಆಷಾಢದಲ್ಲಿ ವ್ಯಾಪಾರ ಕುಸಿದರೆ ಮಜೂರಿಯೂ ಕುಸಿಯುತ್ತದೆ. ತುಂಡು ಲೆಕ್ಕದ ಕೆಲಸಕ್ಕೂ ಕನಿಷ್ಠ ವೇತನ ಸಲ್ಲಬೇಕೆಂದು 1948ರ ಕಾಯ್ದೆಯಲ್ಲಿಯೇ ಇತ್ತು. ಆದರೆ ಮಗ್ಗವಿರುವುದು ಮನೆಯ ಒಳಕೋಣೆಯಲ್ಲಿ. ಹೆಂಡತಿ ಸುತ್ತಿದ ಕಂಡಿಕೆ, ಮುದುಕಿ ಬಿಡಿಸಿದ ನೂಲು ಎಲ್ಲವೂ ಆ ಒಂದು ಸೀರೆಯ ಮಜೂರಿಯೊಳಗೇ ಅಡಗಿರುತ್ತವೆ. ಅಲ್ಲಿ ತಾಸುಗಳನ್ನು ಎಣಿಸುವವರು ಯಾರು? ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟು ಕೂಲಿಗೆ ಇಳಿದವರ ಕಥೆಯೂ ಇದೇ. ಕೂಲಿಯ ಲೆಕ್ಕ ಸಂಜೆಗೇ ಮುಗಿದುಹೋಗುತ್ತದೆ, ಕಾಗದ ಉಳಿಯುವುದಿಲ್ಲ.

ಕಾಗದ ಉಳಿಯದಿದ್ದರೇ ಒಳ್ಳೆಯದೆಂದು ಬಡವರು ಏಕೆ ಬಯಸುತ್ತಾರೆ ಎಂಬುದೇ ಈ ಬರಹದ ವಿಷಯ.

ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಹಲಗೆಯ ಮೇಲೆ ಬರೆದು ನೋಡಿರಿ: ದಿನಕ್ಕೆ 400 ರೂಪಾಯಿ, ವರ್ಷಕ್ಕೆ 300 ದಿನ ದುಡಿಮೆ; ಗುಣಿಸಿದರೆ ಸರಿಯಾಗಿ 1.20 ಲಕ್ಷ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 370 ರೂಪಾಯಿ. ಅಂದರೆ ಮನೆಯಲ್ಲಿ ಒಬ್ಬನೇ ಒಬ್ಬನಿಗೆ ವರ್ಷವಿಡೀ ಕನಿಷ್ಠ ವೇತನ ಕಾನೂನಿನ ಪ್ರಕಾರ ಸಿಕ್ಕರೆ ಆ ಕುಟುಂಬ ಗೆರೆಯ ಆಚೆ. ಗಂಡಹೆಂಡಿರಿಬ್ಬರಿಗೂ ಸಿಕ್ಕರಂತೂ ಕೇಳುವುದೇ ಬೇಡ. ಒಂದು ಇಲಾಖೆ ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂದು ಹೇಳುತ್ತದೆ; ಇನ್ನೊಂದು ಇಲಾಖೆ ಅಷ್ಟು ಪಡೆದವನು ಬಡವನಲ್ಲವೆಂದು ಹೇಳುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಹೆಸರು ಬೇಡ, ಜಾಣ, ಗಣಿತದಲ್ಲಿ ಮುಂದು. ಪರರ ಪವರ್‌ಲೂಮಿನಲ್ಲಿ ನೇಯುತ್ತಿದ್ದ, ತಿಂಗಳಿಗೆ ಸರಾಸರಿ ಒಂಬತ್ತು ಸಾವಿರ. ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಅವನನ್ನು ಕರೆದಿದ್ದರು. ಹದಿಮೂರು ಸಾವಿರ, ಬ್ಯಾಂಕಿನ ಮೂಲಕ.

"ಸರ್ರ, ಪಗಾರೇನೋ ಛಲೋ ಐತ್ರಿ. ಆದರ ಎಲ್ಲಾ ಚೀಟಿ ಮ್ಯಾಲೆ ಬರತೈತಿ. ಕಾರ್ಡ್ ಹ್ವಾದ್ರ ಅವ್ವನ ಆಪರೇಶನ್ ಹೆಂಗ್ರಿ?" ಎಂದ.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಹೆಚ್ಚಿಗೆ ಬರುವುದು ತಿಂಗಳಿಗೆ 4,000, ವರ್ಷಕ್ಕೆ 48,000. ಒಟ್ಟು ಆದಾಯ 1.08 ಲಕ್ಷದಿಂದ 1.56 ಲಕ್ಷಕ್ಕೆ ಏರಿ ಗೆರೆ ದಾಟುತ್ತದೆ. ಮನೆಯಲ್ಲಿ ಐದು ಜನ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ ಐದು ಕಿಲೋ ಎಂದರೆ ತಿಂಗಳಿಗೆ 25 ಕಿಲೋ ಅಕ್ಕಿ. ಪೇಟೆಯಲ್ಲಿ ಕಿಲೋಗೆ 40 ರೂಪಾಯಿ ಹಿಡಿದರೆ ಸಾವಿರ ರೂಪಾಯಿ, ವರ್ಷಕ್ಕೆ 12,000. ರಾಜ್ಯ ಸರಕಾರದ ಹೆಚ್ಚುವರಿ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. 48,000ದಲ್ಲಿ 12,000 ಹೋದರೆ ನೂರಕ್ಕೆ 25 ಆಯಿತು. ಹೊಸ ಪದ್ಧತಿಯ ಆದಾಯ ತೆರಿಗೆಯಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕು ಲಕ್ಷದ ಹಂತಕ್ಕೆ ಇರುವ ದರವೂ ಅದೇ 25.

ಆಸ್ಪತ್ರೆಯ ಮಾತು ಇನ್ನೂ ಬಂದಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಮಾತ್ರ ಸರಕಾರದ್ದು. ದೊಡ್ಡ ಕಾರಖಾನೆಯಾಗಿದ್ದರೆ ಇಎಸ್‌ಐ ಇರುತ್ತಿತ್ತು, ತಾಯಿಗೂ ಚಿಕಿತ್ಸೆ ಸಿಗುತ್ತಿತ್ತು. ಇದು ನಾಲ್ಕು ಜನ ದುಡಿಯುವ ಅಂಗಡಿ. ಹತ್ತು ಜನರಿಲ್ಲದ ಕಡೆ ಆ ಕಾನೂನು ಅನ್ವಯಿಸುವುದಿಲ್ಲ. ತಾಯಿಯ ಒಂದು ಶಸ್ತ್ರಚಿಕಿತ್ಸೆ ಎರಡು ಮೂರು ವರ್ಷದ ಹೆಚ್ಚಳವನ್ನೆಲ್ಲ ನುಂಗಬಲ್ಲದು.

ಇನ್ನು ಏಣಿಯ ಮೇಲಕ್ಕೆ ಒಮ್ಮೆ ಕಣ್ಣು ಹಾಯಿಸಿರಿ. 2025ರ ಕೇಂದ್ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವೆಂದಾಯಿತು. ಹಾಗಾದರೆ 12 ಲಕ್ಷದ 10 ಸಾವಿರ ಇರುವವನ ಗತಿ? ಹಂತಗಳ ಪ್ರಕಾರ ಲೆಕ್ಕ ಮಾಡಿದರೆ 61,500 ರೂಪಾಯಿ ಬೀಳುತ್ತದೆ. ಹತ್ತು ಸಾವಿರ ಹೆಚ್ಚು ಗಳಿಸಿದ್ದಕ್ಕೆ ಅರವತ್ತು ಸಾವಿರ ದಂಡವೇ ಎಂದು ಕಾನೂನು ಮಾಡಿದವರಿಗೇ ಅನ್ನಿಸಿದೆ. ಆದ್ದರಿಂದ ಮಾರ್ಜಿನಲ್ ರಿಲೀಫ್ ಎಂಬ ಏರ್ಪಾಡಿದೆ: ಗೆರೆಯಿಂದ ಎಷ್ಟು ಮುಂದೆ ಹೋಗಿರುವೆಯೋ ಅದಕ್ಕಿಂತ ಹೆಚ್ಚು ತೆರಿಗೆ ಇಲ್ಲ. ಅವನು ಕಟ್ಟುವುದು 10,000 ಮಾತ್ರ, ಸೆಸ್ ಬೇರೆ. ಬಹಳ ನ್ಯಾಯವಾದ ವಿಚಾರ. 12 ಲಕ್ಷದ ಗೆರೆಯಲ್ಲಿ ಎಡವಿದವನಿಗೆ ಮೆತ್ತೆ ಹಾಸಿದ್ದೇವೆ. ಒಂದು ಸೊನ್ನೆ ಕಡಿಮೆಯಿರುವ 1.20 ಲಕ್ಷದ ಗೆರೆಯಲ್ಲಿ ಎಡವಿದವನಿಗೆ ಕೆಳಗೆ ಬರೀ ಕಲ್ಲು.

ಇಂಥ ಗೆರೆ ಒಂದೇ ಅಲ್ಲ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಎಪಿಎಲ್ ಮನೆಗೂ ಉಂಟು, ಆದರೆ ಗಂಡ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವನಾದರೆ ಇಲ್ಲ. ಎರಡು ಪವರ್‌ಲೂಮ್ ಇಟ್ಟುಕೊಂಡವನು ಸ್ವಂತವಾಗಿ ಸೊಲ್ಲಾಪುರಕ್ಕೆ ಸೀರೆ ಮಾರಹೋದರೆ, ಬೇರೆ ರಾಜ್ಯದ ಮಾರಾಟವಾದ್ದರಿಂದ ನೋಂದಣಿ ಬೇಕೇ ಬೇಕು. ಹೆಂಡತಿಯ ವರ್ಷದ 24,000 ಹೋಯಿತು. ಆತ ಸಾಹುಕಾರನ ಕೈಕೆಳಗೇ ಉಳಿಯುತ್ತಾನೆ.

ಮುಧೋಳದ ಬಂಧುಗಳು ಈಗ ಸ್ವಲ್ಪ ಸಹಿಸಿಕೊಳ್ಳಬೇಕು. ಕಬ್ಬಿನ ಎಕರೆಗೆ 40 ಟನ್, ಟನ್ನಿಗೆ 3,000 ಎಂದು ಹಿಡಿಯೋಣ. 25 ಎಕರೆಗೆ 30 ಲಕ್ಷ. ಅರ್ಧ ಖರ್ಚು ಕಳೆದರೂ ಉಳಿಯುವುದು 15 ಲಕ್ಷ. ಅಷ್ಟೇ ತೆರಿಗೆಯೋಗ್ಯ ಆದಾಯವಿರುವ ನೌಕರ 1,05,000 ಕಟ್ಟುತ್ತಾನೆ, ನಮ್ಮ ರೈತ ಬಂಧು ಸೊನ್ನೆ. ಕೃಷಿ ಆದಾಯದ ತೆರಿಗೆಯನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿದೆ. ಯಾವ ರಾಜ್ಯವೂ ಕಬ್ಬಿನ ತಂಟೆಗೆ ಹೋಗುವ ಧೈರ್ಯ ಮಾಡದು. ದೊಡ್ಡ ಹಿಡುವಳಿಗಳಿಗೆ ತೆರಿಗೆ ಹಾಕುವಂತೆ ಕೆ. ಎನ್. ರಾಜ್ ಸಮಿತಿ 1972ರಲ್ಲಿಯೇ ಶಿಫಾರಸು ಮಾಡಿತ್ತು. ಎರಡು ಮೂರು ಎಕರೆಯವನ ಮಾತು ಬೇರೆ. ಕಾರಖಾನೆಯ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ಅವನ ಮೇಲೆ ತೆರಿಗೆ ಹಾಕಿರೆಂದು ನಾನೂ ಹೇಳಲಾರೆ.

ಅರ್ಥಶಾಸ್ತ್ರಜ್ಞರು ಇದನ್ನೆಲ್ಲ ಯೋಚಿಸಿಲ್ಲವೆಂದಲ್ಲ. ಸರಕಾರಕ್ಕೆ ಮನುಷ್ಯನ ಸಾಮರ್ಥ್ಯ ಕಾಣುವುದಿಲ್ಲ, ಆದಾಯ ಮಾತ್ರ ಕಾಣುತ್ತದೆ; ಹಾಗಿರುವಾಗ ದುಡಿಯುವ ಹುರುಪು ಕೆಡದಂತೆ ಎಷ್ಟು ಹಂಚಬಹುದು ಎಂಬ ಪ್ರಶ್ನೆಯನ್ನು ಜೇಮ್ಸ್ ಮಿರ್ಲೀಸ್ 1971ರಲ್ಲಿ ಗಣಿತದಲ್ಲಿ ಬಿಡಿಸಿದರು; 1996ರಲ್ಲಿ ನೊಬೆಲ್ ಪಡೆದರು. ನಮ್ಮ ಮಗ್ಗದ ಓಣಿಗಳಲ್ಲಿ ಆ ಆದಾಯವೂ ಕಾಣುವುದಿಲ್ಲ ಎಂಬುದು ನಮ್ಮ ಹೆಚ್ಚಿನ ತೊಡಕು. ಅಮೆರಿಕದಲ್ಲಿ 1975ರಿಂದ ಕಡಿಮೆ ಗಳಿಕೆಯ ದುಡಿಮೆಗಾರರಿಗೆ ತೆರಿಗೆ ಇಲಾಖೆಯೇ ಹಣ ಕೂಡಿಸಿ ಕೊಡುತ್ತದೆ, ಗಳಿಕೆ ಏರಿದಂತೆ ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತದೆ. ಹಾಗೆ ಕೂಡಿಸುತ್ತ ಹೋದರೆ ಮಾಲೀಕ ಕೂಲಿಯನ್ನೇ ಇಳಿಸಿಬಿಟ್ಟರೆ? ಅದಕ್ಕೇ ಕನಿಷ್ಠ ವೇತನವೂ ಜೊತೆಗಿರಬೇಕು, ಒಂದು ಇನ್ನೊಂದಕ್ಕೆ ಆಸರೆ ಎಂದು ಡೇವಿಡ್ ಲೀ ಮತ್ತು ಇಮ್ಯಾನುಯೆಲ್ ಸಾಯೆಜ್ 2012ರಲ್ಲಿ ತೋರಿಸಿದರು. ನಮ್ಮಲ್ಲಿ ಪವರ್‌ಲೂಮುಗಳಿಗೆ ವಿದ್ಯುತ್ ರಿಯಾಯಿತಿ ಕೊಟ್ಟಾಗ ಅದರಲ್ಲಿ ಎಷ್ಟು ಪಾಲು ನೇಯುವವನ ಮಜೂರಿಗೆ ಇಳಿದು ಬಂತೆಂದು ರಬಕವಿಯ ಯಾವ ನೇಕಾರನನ್ನಾದರೂ ಕೇಳಿರಿ. ಈ ಮಾತಿನ ಅರ್ಥ ಅವನಿಗೆ ಪ್ರೊಫೆಸರರಿಗಿಂತ ಬೇಗ ಆಗುತ್ತದೆ.

ನನ್ನನ್ನು ಕೇಳಿದರೆ ದೊಡ್ಡ ಯೋಜನೆಯೇನೂ ಬೇಡ. 12 ಲಕ್ಷದವನಿಗೆ ಕೊಟ್ಟ ರಿಲೀಫನ್ನು 1.20 ಲಕ್ಷದವನಿಗೂ ಕೊಡಲಿ. ಗೆರೆ ದಾಟಿದ ಕೂಡಲೇ ಕಾರ್ಡು ಕಿತ್ತುಕೊಳ್ಳದೆ ಮೊದಲ ಎರಡು ವರ್ಷ ಆಸ್ಪತ್ರೆಯ ಸೌಲಭ್ಯ ಪೂರ್ತಿ ಉಳಿಯಲಿ, ಅಕ್ಕಿ ಅರ್ಧಕ್ಕೆ ಇಳಿಯಲಿ. ಮಿತಿಯನ್ನಂತೂ ಕನಿಷ್ಠ ವೇತನದೊಡನೆ ಕಟ್ಟಿಹಾಕಬೇಕು. ಅದು ಏರಿದಾಗ ಇದೂ ಏರಬೇಕು. ಇದಕ್ಕೆ ಹಣ ಎಲ್ಲಿಂದ ಎನ್ನುವವರಿಗೆ ಮೇಲೆ ಹೇಳಿದ 25 ಎಕರೆಯ ಲೆಕ್ಕವನ್ನು ಇನ್ನೊಮ್ಮೆ ತೋರಿಸಬಲ್ಲೆ.

ಆ ಹುಡುಗ ಕೊನೆಗೆ ಅಂಗಡಿಗೆ ಸೇರಿದ. ಚೀಟಿಯಲ್ಲಿ 9,900 ಎಂದು ಬರೆಯಿರಿ, ಉಳಿದದ್ದನ್ನು ಕೈಯಲ್ಲಿ ಕೊಡಿರಿ ಎಂದು ಮಾಲೀಕರನ್ನು ಮೊದಲು ಕೇಳಿದನಂತೆ. ವರ್ಷಕ್ಕೆ 1,18,800 ಆಗುತ್ತದೆ, ಗೆರೆಯ ಈಚೆಗೇ. ಅಷ್ಟು ಕಡಿಮೆ ಬರೆದರೆ ಕನಿಷ್ಠ ವೇತನ ಕೊಟ್ಟಿಲ್ಲವೆಂದು ತಮ್ಮ ಮೇಲೆ ಕೇಸಾಗುತ್ತದೆ ಎಂದು ಅವರು ಒಪ್ಪಲಿಲ್ಲ. ಈಗ ಪ್ರತಿ ತಿಂಗಳೂ ಹದಿಮೂರು ಸಾವಿರವನ್ನು ನೋಟಿನಲ್ಲಿಯೇ ಎಣಿಸಿ ಕೊಡುತ್ತಾರೆ. ಅಂಗಡಿಯ ಹಾಜರಿ ಪುಸ್ತಕವನ್ನು ಬರೆಯುವವನು ಅವನೇ. ಅದರಲ್ಲಿ ಅವನ ಹೆಸರಿಲ್ಲ.