ಅಂಜಿಕೆಯ ಗಂಟು

ಮಠದಲ್ಲಿ ಓದಿ ಬೆಳೆದ ನಾವು ನಲವತ್ತು ವರ್ಷ ಹಗ್ಗ-ಹಾವಿನ ದೃಷ್ಟಾಂತವನ್ನು ಹೇಳುತ್ತ ಬಂದಿದ್ದೇವೆ. ಕತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಬಗೆದವನಿಗೆ ದೀಪ ಹಿಡಿದರೆ ಭಯ ಅಳಿಯುತ್ತದೆಂಬುದು ಅದರ ತಾತ್ಪರ್ಯ. ಆದರೆ ದೀಪಕ್ಕೂ ಅಳಿಯದ ಭಯವೊಂದು ನಮ್ಮಲ್ಲಿಯೇ ಇದ್ದಿತು. ಅದು ಜಿರಳೆಯ ಭಯ.

ಬಾಲ್ಯದಲ್ಲಿ ಸಾರವಾಡದ ನಮ್ಮ ಮನೆಯ ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸುವಾಗ ಜಿರಳೆಗಳು ಅಂಗಿಯೊಳಗೆ ಹೊಕ್ಕವು. ನಾವು ಚೀರಿದೆವು; ಹಿರಿಯರು ನಕ್ಕರು. ಪಂಡಿತರೆನಿಸಿಕೊಂಡ ಮೇಲೂ ಹಸ್ತಪ್ರತಿಗಳ ಗಂಟನ್ನು ನಾವಾಗಿ ಬಿಚ್ಚಲಿಲ್ಲ. ಕಣ್ಣು ಮಂದವೆಂದು ನೆವ ಹೇಳಿ ಶಿಷ್ಯರಿಂದ ಬಿಚ್ಚಿಸಿದೆವು. ಗುರುಗಳು ನಮ್ಮೊಬ್ಬರಿಗೇ ಎಂದು ಕೊಟ್ಟ ಗಂಟು ಮಾತ್ರ ಮೂವತ್ತು ವರ್ಷ ಕಪಾಟಿನಲ್ಲಿಯೇ ಉಳಿಯಿತು.

ಮನಃಶಾಸ್ತ್ರ ಓದುತ್ತಿರುವ ಅಣ್ಣನ ಮೊಮ್ಮಗಳು ಕಳೆದ ಬೇಸಿಗೆಯಲ್ಲಿ ಇದನ್ನು ಕಂಡುಹಿಡಿದಳು. ಅವಳು ನಗಲಿಲ್ಲ. “ಮುತ್ಯಾ, ಜಿರಳಿ ಏನೂ ಮಾಡೂದಿಲ್ಲ ಅಂತ ನಿಮ್ಮ ಬುದ್ಧಿಗೆ ಗೊತ್ತೈತಿ, ಮೈಗೆ ಗೊತ್ತಿಲ್ರಿ. ಅದಕ್ಕೂ ಕಲಿಸಬೇಕು” ಎಂದಳು.

ಅಂಜಿದ ವಸ್ತುವಿನಿಂದ ದೂರ ಸರಿದಷ್ಟೂ ಅಂಜಿಕೆ ಬಲಿಯುತ್ತದೆ. ಅದರೆದುರು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಲು ಕಲಿತರೆ ಕ್ಷೀಣಿಸುತ್ತದೆ. 1924ರಲ್ಲಿಯೇ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಅಂಜುವ ಬಾಲಕನು ಉಣ್ಣುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದರು. 2005ರಲ್ಲಿ ಸ್ಪೇನಿನ ಕ್ರಿಸ್ಟಿನಾ ಬೊತೆಯಾ ಮತ್ತು ಸಂಗಡಿಗರು ಇದೇ ತತ್ತ್ವಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ತಂತ್ರವನ್ನು ಜೋಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅದೂ ಜಿರಳೆಗೆ ಅಂಜುವ ಮಹಿಳೆಯೊಬ್ಬಳ ಮೇಲೆಯೇ! ವಿಶೇಷ ಕನ್ನಡಕದಲ್ಲಿ ತನ್ನದೇ ಕೈ, ಎದುರಿನ ಮೇಜು ನಿಜವಾಗಿಯೇ ಕಾಣುತ್ತವೆ. ಜಿರಳೆ ಮಾತ್ರ ಕಂಪ್ಯೂಟರಿನ ಚಿತ್ರ. ಒಂದನ್ನು ತೋರಿಸಬೇಕೋ ಹತ್ತನ್ನೋ, ಅದು ಸುಮ್ಮನಿರಬೇಕೋ ಓಡಬೇಕೋ ಎಂಬುದು ಚಿಕಿತ್ಸಕರ ಕೈಯಲ್ಲಿರುತ್ತದೆ. ಕೊನೆಗೆ ಆಕೆ ನಿಜವಾದ ಜಿರಳೆಯ ಬಳಿ ಹೋಗಬಲ್ಲವಳಾದಳು. ನಮ್ಮ ದೃಷ್ಟಾಂತವು ಇಲ್ಲದ ಹಾವನ್ನು ಅಳಿಸಿ ಭಯ ಕಳೆದರೆ, ಇವರು ಇಲ್ಲದ ಜಿರಳೆಯನ್ನು ತೋರಿಸಿಯೇ ಭಯ ಕಳೆಯುತ್ತಾರೆ!

ಸಾರವಾಡದಲ್ಲಿ ಅಂಥ ಕನ್ನಡಕವಿಲ್ಲ. ವೈದ್ಯರೊಬ್ಬರ ಸಲಹೆ ಪಡೆದು ಮೊದಲು ಚಿತ್ರ, ಆಮೇಲೆ ಗಾಜಿನ ಭರಣಿಯಲ್ಲಿಟ್ಟ ಸತ್ತ ಜಿರಳೆ, ಹೀಗೆ ಎರಡು ತಿಂಗಳು ಅಭ್ಯಾಸ ಮಾಡಿದೆವು. ಶ್ರಾವಣದ ಒಂದು ಮುಂಜಾನೆ ಗುರುಗಳ ಗಂಟನ್ನು ಬಿಚ್ಚಿದೆವು. ಕೈ ನಡುಗಿತು, ನಡುಕ ಇಳಿಯುವವರೆಗೂ ಕುಳಿತಲ್ಲಿಂದ ಏಳಲಿಲ್ಲ. ಅರ್ಧದಷ್ಟು ಹಾಳೆಗಳನ್ನು ಹುಳು ತಿಂದಿದ್ದವು. ಸಕಾಲದಲ್ಲಿ ಬಿಚ್ಚಿದ್ದರೆ ಅವು ಉಳಿಯುತ್ತಿದ್ದವು.

ತಂದೆ-ತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಅಂಜುವ ಮಗುವನ್ನು ನೋಡಿ ನಗಬೇಡಿರಿ, ಧೈರ್ಯ ಕಲಿಸುವೆವೆಂದು ಹುಳವನ್ನು ಅದರ ಮೈಮೇಲೆ ಎಸೆಯಬೇಡಿರಿ. ಅಂಜಿಕೆ ಬಾಳಿಗೆ ತೊಡಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಮನೋವೈದ್ಯರಿದ್ದಾರೆ. ನಮ್ಮಂತೆ ಮೂವತ್ತು ವರ್ಷ ಕಾಯುವುದು ಬೇಡ.